ಫಿಟ್ಸ್ ಬಂದ ಮಗುವಿನ ಬಿಪಿ ನೋಡಿದ್ರಾ?

"ಎಂಟು ವರ್ಷದ ಹುಡುಗನಿಗೆ ಬಿಪಿಯಾ? ಸಿಸ್ಟರ್, ಇನ್ನೊಂದ್ಸಲ ನೋಡಿ."

ಮೂರು ವರ್ಷಗಳ ಹಿಂದೆ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಿಂತು ನಾನು ಹೇಳಿದ ಮಾತಿದು. ಮಂಚದ ಮೇಲಿದ್ದವನು ನನ್ನ ಅಕ್ಕನ ಮಗ. ಬೆಳಗ್ಗೆಯಿಂದ ಅವನಿಗೆ ಎರಡು ಸಲ ಫಿಟ್ಸ್ ಬಂದಿತ್ತು. ಆ ನರ್ಸ್ ಬೇಸರ ಮಾಡಿಕೊಳ್ಳದೆ ಇನ್ನೊಮ್ಮೆ ನೋಡಿದರು. 168/112. ಮೂರನೇ ಸಲ ಯಂತ್ರ ಬಿಟ್ಟು, ಸ್ಟೆತಸ್ಕೋಪ್ ಇಟ್ಟುಕೊಂಡು ತಾವೇ ನೋಡಿದರು. ಹೆಚ್ಚುಕಡಿಮೆ ಅಷ್ಟೇ.

ಅವತ್ತು ಅವನನ್ನು ಕರೆದೊಯ್ದ ಎರಡನೇ ಆಸ್ಪತ್ರೆ ಅದು. ಮೊದಲನೆಯದರಲ್ಲಿ ಜ್ವರ ನೋಡಿದ್ದರು, ರಕ್ತದ ಸಕ್ಕರೆ ನೋಡಿದ್ದರು, ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಕೊಟ್ಟಿದ್ದರು, ತಲೆಯ ಸಿಟಿ ಸ್ಕ್ಯಾನ್ ಕೂಡ ಮಾಡಿಸಿದ್ದರು. ಎಲ್ಲವೂ ಬೇಕಾದದ್ದೇ. ಆದರೆ ಬಿಪಿಯನ್ನು ಮಾತ್ರ ಯಾರೂ ನೋಡಿರಲಿಲ್ಲ. ಭಾವ ಆಮೇಲೆ ಹೋಗಿ ಕೇಳಿದಾಗ ಸಿಕ್ಕ ಉತ್ತರ, "ಮಕ್ಕಳ ಕಫ್ ಇರ್ಲಿಲ್ಲ ಸಾರ್. ಅಷ್ಟಕ್ಕೂ ಮಕ್ಕಳಿಗೆ ಬಿಪಿ ಯಾರು ನೋಡ್ತಾರೆ?"

ನಾನು ಡಾಕ್ಟರ್ ಅಲ್ಲ. ಓದಿದ್ದು ಸಿವಿಲ್ ಎಂಜಿನಿಯರಿಂಗ್, ಹೊಟ್ಟೆಪಾಡು ಪತ್ರಿಕೋದ್ಯಮ. ಆದರೆ ಆ ಐದು ದಿನ ಐಸಿಯು ಹೊರಗೆ ಕೂತು, ಆಮೇಲೆ ಇದರ ಬಗ್ಗೆ ಓದಿ, ಮಕ್ಕಳ ಕಿಡ್ನಿ ತಜ್ಞರನ್ನು ಕಾಡಿ ಬೇಡಿ ಕೇಳಿ ತಿಳಿದುಕೊಂಡದ್ದು ಎರಡೇ ಸಂಗತಿ. ಒಂದು, ಮಕ್ಕಳ ಬಿಪಿ ಅಪಾಯದ ಮಟ್ಟಕ್ಕೆ ಏರಿದರೂ ಯಾರೂ ಅಳೆಯದೇ ಹೋಗುವ ಸಾಧ್ಯತೆ ಹೆಚ್ಚು. ಎರಡು, ಗೊತ್ತಾದ ಮೇಲೆ ಗಾಬರಿಯಲ್ಲಿ ಅದನ್ನು ಸರ್ರನೆ ಇಳಿಸಿದರೆ ಅದೂ ಅಷ್ಟೇ ಅಪಾಯ. ಈ ಎರಡನೇ ತಪ್ಪನ್ನು ಮಾಡಿಸಲು ಹೊರಟವನು ನಾನೇ. ಅದನ್ನು ಮುಂದೆ ಹೇಳ್ತೀನಿ.

140 ಅಂದರೆ ಯಾರಿಗೆ?

ದೊಡ್ಡವರಿಗೆ 120/80 ಸರಿ, 140/90 ದಾಟಿದರೆ ಬಿಪಿ. ಇದು ನಮಗೆಲ್ಲ ಬಾಯಿಪಾಠ. ಮಕ್ಕಳಿಗೆ ಈ ಲೆಕ್ಕ ನಡೆಯಲ್ಲ. ಮಗು ಚಿಕ್ಕದಿದ್ದಷ್ಟೂ ಸಹಜ ಒತ್ತಡವೂ ಕಡಿಮೆ. ಹಾಗಾಗಿ ವೈದ್ಯರು ಮಕ್ಕಳ ಬಿಪಿಯನ್ನು ವಯಸ್ಸು, ಗಂಡೋ ಹೆಣ್ಣೋ, ಎತ್ತರ ಎಷ್ಟು ಎಂಬುದನ್ನು ನೋಡಿ ಒಂದು ಕೋಷ್ಟಕದ ಜೊತೆ ಹೋಲಿಸುತ್ತಾರೆ. ಅದೇ ವಯಸ್ಸಿನ, ಅದೇ ಎತ್ತರದ ಆರೋಗ್ಯವಂತ 100 ಮಕ್ಕಳಲ್ಲಿ 95 ಮಕ್ಕಳ ಬಿಪಿ ಯಾವ ಗೆರೆಯ ಕೆಳಗಿರುತ್ತದೋ, ಆ ಗೆರೆಯನ್ನು ಮತ್ತೆ ಮತ್ತೆ ದಾಟಿದರೆ ಅದು ಅಧಿಕ ರಕ್ತದೊತ್ತಡ. 13 ವರ್ಷ ತುಂಬಿದ ಮೇಲೆ ಲೆಕ್ಕ ಸುಲಭ, 130/80 ದಾಟಿದರೆ ಬಿಪಿ ಅಂತಲೇ ಅರ್ಥ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಲೆಕ್ಕ ಇದು.

ಅದೇ ಮಾರ್ಗಸೂಚಿಯಲ್ಲಿ ಕೋಷ್ಟಕ ನೋಡಲು ಪುರುಸೊತ್ತಿಲ್ಲದ ಕಡೆಗೆಂದು ಒಂದು ಸರಳ ಪಟ್ಟಿ ಇದೆ. ಇದಕ್ಕಿಂತ ಹೆಚ್ಚು ಬಂದರೆ ಸರಿಯಾಗಿ ಮತ್ತೊಮ್ಮೆ ನೋಡಿ ಎಂದು ಎಚ್ಚರಿಸುವ ಸಂಖ್ಯೆಗಳು ಅವು. ಹುಡುಗರಿಗೆ 3 ವರ್ಷಕ್ಕೆ 101/58, 5 ವರ್ಷಕ್ಕೆ 103/63, 8 ವರ್ಷಕ್ಕೆ 107/69, 10 ವರ್ಷಕ್ಕೆ 108/72, 12 ವರ್ಷಕ್ಕೆ 113/75. ಹುಡುಗಿಯರಿಗೂ ಹೆಚ್ಚುಕಡಿಮೆ ಇಷ್ಟೇ. ಇವು ರೋಗ ಇದೆ ಎಂದು ಹೇಳುವ ಸಂಖ್ಯೆಗಳಲ್ಲ, ಮುಂದೆ ಪರೀಕ್ಷೆ ಬೇಕು ಎನ್ನುವ ಸಂಖ್ಯೆಗಳು.

ಇನ್ನು ತುರ್ತು ಯಾವಾಗ? ಮೇಲೆ ಹೇಳಿದ 95ರ ಗೆರೆಗಿಂತ 30 ಅಂಕ ಹೆಚ್ಚಿದ್ದರೆ, ಹದಿಹರೆಯದವರಲ್ಲಿ 180/120 ದಾಟಿದರೆ, ತಡಮಾಡುವ ಹಾಗಿಲ್ಲ. ಐದು ವರ್ಷದ ಮಗುವಿನಲ್ಲಿ ಆ ಗೆರೆ ಸುಮಾರು 110ರ ಆಸುಪಾಸಿನಲ್ಲಿರುತ್ತದೆ. ಅಂದರೆ 140 ಬಂದರೆ ಅದು ತುರ್ತು. ಅದೇ 140 ನಮ್ಮ ಅಪ್ಪನಿಗೆ ಬಂದರೆ "ಉಪ್ಪು ಕಡಿಮೆ ಮಾಡಿ, ಮುಂದಿನ ತಿಂಗಳು ಬನ್ನಿ" ಅಂತಾರೆ. ಸಂಖ್ಯೆ ಒಂದೇ, ಅರ್ಥ ಪೂರ್ತಿ ಬೇರೆ.

ಸಂಖ್ಯೆಗಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಆ ಒತ್ತಡದಿಂದ ಮೆದುಳು, ಕಣ್ಣು, ಹೃದಯ, ಕಿಡ್ನಿ ಇವುಗಳಲ್ಲಿ ಯಾವುದಕ್ಕಾದರೂ ಏಟು ಬೀಳುತ್ತಿದೆಯಾ? ಬೀಳುತ್ತಿದ್ದರೆ ಅದು ಪ್ರಾಣಾಪಾಯದ ಸ್ಥಿತಿ, ಐಸಿಯು ಬೇಕು. ಸಂಖ್ಯೆ ಹೆಚ್ಚಿದ್ದು ಮಗು ಆರಾಮಾಗಿದ್ದರೂ ಚಿಕಿತ್ಸೆ ಅವತ್ತೇ ಶುರುವಾಗಬೇಕು, ಆದರೆ ಹೆಚ್ಚಿನ ಸಲ ಬಾಯಿಂದ ಕೊಡುವ ಔಷಧಿ ಸಾಕಾಗುತ್ತದೆ.

ಕಜ್ಜಿಯಿಂದ ಕಿಡ್ನಿಗೆ

ನಮ್ಮ ಹುಡುಗನ ಕತೆ ಅವತ್ತು ಬೆಳಗ್ಗೆ ಶುರುವಾದದ್ದಲ್ಲ. ಮಳೆಗಾಲದಲ್ಲಿ ಅವನ ಕಾಲ ತುಂಬ ಕಜ್ಜಿಯಾಗಿ ಕೀವು ತುಂಬಿತ್ತು. ಅಮ್ಮ ಬೇವಿನ ಎಲೆ ಕುದಿಸಿದ ನೀರಲ್ಲಿ ತೊಳೆದರು, ಅಕ್ಕ ಅಂಗಡಿಯಿಂದ ಒಂದು ಮುಲಾಮು ತಂದು ಹಚ್ಚಿದಳು, ವಾಸಿಯಾಯ್ತು. ಮೂರ್ನಾಲ್ಕು ವಾರ ಕಳೆದ ಮೇಲೆ ಬೆಳಗ್ಗೆ ಏಳುವಾಗ ಮುಖ ಊದಿಕೊಂಡಿರುತ್ತಿತ್ತು. "ಜಾಸ್ತಿ ನಿದ್ದೆ ಮಾಡ್ತಾನೆ" ಅಂತ ನಕ್ಕಿದ್ದೆವು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಎಂಟು ವರ್ಷದವನು ಅದನ್ನೆಲ್ಲ ಯಾಕೆ ಹೇಳ್ತಾನೆ? ಎರಡು ದಿನ ತಲೆನೋವು ಅಂದ. ಮೂರನೇ ದಿನ ವಾಂತಿ ಮಾಡಿದ, "ಅಮ್ಮಾ, ಟೀವಿ ಕಾಣಿಸ್ತಿಲ್ಲ" ಅಂದ, ಅರ್ಧ ಗಂಟೆಯಲ್ಲಿ ಫಿಟ್ಸ್.

ಇದರ ಹಿಂದಿರುವುದು ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ. ಅದು ಗಂಟಲಿಗೆ ಬಂದರೆ ಗಂಟಲುನೋವು, ಚರ್ಮಕ್ಕೆ ಬಂದರೆ ಕೀವುಗಜ್ಜಿ. ಕೆಲವು ಮಕ್ಕಳಲ್ಲಿ ಆ ಸೋಂಕಿನ ವಿರುದ್ಧ ಹೋರಾಡಿದ ರೋಗನಿರೋಧಕ ವ್ಯವಸ್ಥೆಯೇ ಕಿಡ್ನಿಯ ಜರಡಿಗಳಲ್ಲಿ ಉರಿಯೂತ ಎಬ್ಬಿಸುತ್ತದೆ. ಗಂಟಲಿನ ಸೋಂಕಾದರೆ ಒಂದರಿಂದ ಮೂರು ವಾರದ ನಂತರ, ಚರ್ಮದ ಸೋಂಕಾದರೆ ಮೂರರಿಂದ ಆರು ವಾರದ ನಂತರ. ಅಷ್ಟರಲ್ಲಿ ಕಜ್ಜಿ ಮಾಯವಾಗಿರುತ್ತದೆ, ಹಾಗಾಗಿ ಎರಡಕ್ಕೂ ಸಂಬಂಧ ಇದೆ ಅಂತ ಮನೆಯವರಿಗೆ ಹೊಳೆಯುವುದೇ ಇಲ್ಲ. ಜರಡಿ ಕಟ್ಟಿಕೊಂಡರೆ ಉಪ್ಪು, ನೀರು ಹೊರಹೋಗಲ್ಲ. ರಕ್ತನಾಳಗಳಲ್ಲಿ ಹರಿಯುವ ದ್ರವ ಹೆಚ್ಚುತ್ತದೆ, ಒತ್ತಡ ಏರುತ್ತದೆ. ಪಂಪ್‌ಸೆಟ್ ಓಡುತ್ತಲೇ ಇದೆ, ಕಾಲುವೆಯ ತೂಬು ಮುಚ್ಚಿದೆ, ಅಷ್ಟೇ.

ಸಮಾಧಾನದ ವಿಷಯ ಅಂದರೆ ಸರಿಯಾದ ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಈ ಕಾಯಿಲೆಯಿಂದ ಹೆಚ್ಚಿನ ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಅಪಾಯ ಇರುವುದು ಆ ಮೊದಲ ಕೆಲವು ದಿನಗಳಲ್ಲಿ, ಒತ್ತಡ ಮೆದುಳಿಗೆ ಏರುವಾಗ.

ದೊಡ್ಡವರ ಬಿಪಿಗೂ ಮಕ್ಕಳ ಬಿಪಿಗೂ ಇರುವ ವ್ಯತ್ಯಾಸ

ದೊಡ್ಡವರಲ್ಲಿ ಬಹಳಷ್ಟು ಸಲ ಬಿಪಿಗೆ ಇಂಥದ್ದೇ ಕಾರಣ ಅಂತ ಸಿಗಲ್ಲ. ವಯಸ್ಸು, ತೂಕ, ಉಪ್ಪು, ವಂಶ ಎಲ್ಲ ಸೇರಿರುತ್ತದೆ. ಚಿಕ್ಕ ಮಕ್ಕಳಲ್ಲಿ ತೀವ್ರ ಬಿಪಿ ಕಂಡರೆ ಹಿಂದೆ ಒಂದು ನಿರ್ದಿಷ್ಟ ಕಾರಣ ಇದ್ದೇ ಇರುತ್ತದೆ ಅಂತ ಹಿಡಿದೇ ವೈದ್ಯರು ಹುಡುಕುತ್ತಾರೆ. ಹೆಚ್ಚಿನ ಸಲ ಅದು ಕಿಡ್ನಿ, ಇಲ್ಲವೇ ಕಿಡ್ನಿಗೆ ರಕ್ತ ಒಯ್ಯುವ ನಾಳ.

ಆ ನಾಳ ಕಿರಿದಾದರೆ ಕಿಡ್ನಿಗೆ ರಕ್ತ ಸಾಲದು. ದೇಹದಲ್ಲಿ ಒತ್ತಡ ಕಡಿಮೆಯಾಗಿದೆ ಅಂತ ಅದು ತಪ್ಪು ತಿಳಿದು, ಇನ್ನೂ ಏರಿಸುವ ಹಾರ್ಮೋನ್ ಬಿಡುತ್ತದೆ. ಭಾರತದ ಮಕ್ಕಳಲ್ಲಿ ಹೀಗೆ ನಾಳ ಕಿರಿದಾಗಲು ಮುಖ್ಯ ಕಾರಣಗಳಲ್ಲೊಂದು ಟಕಾಯಾಸು ಕಾಯಿಲೆ, ದೊಡ್ಡ ರಕ್ತನಾಳಗಳ ಗೋಡೆಗೆ ಬರುವ ಉರಿಯೂತ. ಜಪಾನಿನ ಕಣ್ಣಿನ ವೈದ್ಯರೊಬ್ಬರ ಹೆಸರು ಅದಕ್ಕಿದೆ. ಹುಟ್ಟಿನಿಂದಲೇ ಮಹಾಧಮನಿ ಒಂದು ಕಡೆ ಕಿರಿದಾಗಿರುವ ಮಕ್ಕಳಿದ್ದಾರೆ. ಅವರಲ್ಲಿ ತೋಳಿನ ಬಿಪಿ ಹೆಚ್ಚು, ಕಾಲಿನದು ಕಡಿಮೆ, ತೊಡೆಸಂದಿನ ನಾಡಿ ಬೆರಳಿಗೆ ಸಿಗುವುದೇ ಕಷ್ಟ. ಒಂದು ಬೆರಳಿನಿಂದ ಮುಟ್ಟಿ ಅನುಮಾನ ಪಡಬಹುದಾದ ಕಾಯಿಲೆ ಇದು. ಮೂತ್ರ ಹಿಂದಕ್ಕೆ ಹರಿದು ಕಿಡ್ನಿಯಲ್ಲಿ ಕಲೆ ಕಟ್ಟಿದ ಮಕ್ಕಳು, ತಿಂಗಳು ತುಂಬುವ ಮೊದಲೇ ಹುಟ್ಟಿ ಹೊಕ್ಕುಳ ನಾಳದಲ್ಲಿ ನಳಿಕೆ ಹಾಕಿಸಿಕೊಂಡಿದ್ದ ಶಿಶುಗಳು, ಬಹಳ ದಿನ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವ ಮಕ್ಕಳು, ಅಡ್ರಿನಲ್ ಗ್ರಂಥಿಯ ಗಡ್ಡೆ ಇರುವವರು ಕೂಡ ಈ ಪಟ್ಟಿಯಲ್ಲಿದ್ದಾರೆ. ಮೊದಲೇ ಬಿಪಿ ಮಾತ್ರೆ ತಗೊಳ್ಳುತ್ತಿದ್ದ ಮಗು, ಊರಜಾತ್ರೆ ಅಂತಲೋ ಮಾತ್ರೆ ಮುಗಿಯಿತು ಅಂತಲೋ ನಾಲ್ಕು ದಿನ ಬಿಟ್ಟರೂ ಇದೇ ಆಗಬಹುದು.

ಈ ಪಟ್ಟಿ ಹೆದರಿಸಲು ಅಲ್ಲ. ಕಾರಣ ಸಿಕ್ಕರೆ ಪರಿಹಾರವೂ ಸಿಗುತ್ತದೆ. ಕಿರಿದಾದ ನಾಳವನ್ನು ಬಲೂನಿನಿಂದ ಅಗಲಿಸಬಹುದು, ಮಹಾಧಮನಿಯನ್ನು ಸರಿಪಡಿಸಬಹುದು, ಗಡ್ಡೆಯನ್ನು ತೆಗೆಯಬಹುದು. ದೊಡ್ಡವರಲ್ಲಿ ಬಿಪಿ ಅಂದರೆ ಜೀವನಪೂರ್ತಿ ಮಾತ್ರೆ. ಮಕ್ಕಳಲ್ಲಿ ಎಷ್ಟೋ ಸಲ ಕಾರಣವನ್ನೇ ಕಿತ್ತುಹಾಕುವ ದಾರಿ ಇರುತ್ತದೆ. ಆದರೆ ಅದಕ್ಕೆ ಮೊದಲು ಯಾರಾದರೂ ಅಳೆಯಬೇಕಲ್ಲ.

ಯಾವಾಗ ಅನುಮಾನ ಪಡಬೇಕು?

ಮೆದುಳು ತನಗೆ ಬರುವ ರಕ್ತದ ಹರಿವನ್ನು ತಾನೇ ನಿಭಾಯಿಸಿಕೊಳ್ಳುತ್ತದೆ. ಒತ್ತಡ ಏರಿದರೆ ನಾಳಗಳು ಬಿಗಿಯುತ್ತವೆ, ಇಳಿದರೆ ಸಡಿಲಾಗುತ್ತವೆ. ಆದರೆ ಇದಕ್ಕೊಂದು ಮಿತಿ ಇದೆ. ಮಿತಿ ದಾಟಿದಾಗ ನಾಳಗಳಿಂದ ದ್ರವ ಸೋರಿ ಮೆದುಳು ಊದಿಕೊಳ್ಳುತ್ತದೆ. ಹೆಚ್ಚಾಗಿ ಊದಿಕೊಳ್ಳುವುದು ಮೆದುಳಿನ ಹಿಂಭಾಗ. ನೋಟದ ಕೇಂದ್ರ ಇರುವುದೇ ಅಲ್ಲಿ. "ಟೀವಿ ಕಾಣಿಸ್ತಿಲ್ಲ" ಅಂದಿದ್ದು ಇದೇ ಕಾರಣಕ್ಕೆ. 1996ರಲ್ಲಿ ವೈದ್ಯರು ಈ ಸ್ಥಿತಿಯನ್ನು ವಿವರವಾಗಿ ಗುರುತಿಸಿದರು, ಈಗ ಚುಟುಕಾಗಿ ಪ್ರೆಸ್ ಅಂತ ಕರೀತಾರೆ. ಎಂಆರ್‌ಐನಲ್ಲಿ ಚೆನ್ನಾಗಿ ಕಾಣುತ್ತದೆ, ಸಿಟಿಯಲ್ಲಿ ಕಾಣದೇ ಹೋಗಬಹುದು. ಮೊದಲ ಆಸ್ಪತ್ರೆಯಲ್ಲಿ "ಸ್ಕ್ಯಾನ್ ನಾರ್ಮಲ್" ಅಂದಿದ್ದು ಸುಳ್ಳಲ್ಲ, ಆದರೆ ಅಲ್ಲಿಗೇ ನಿಂತಿದ್ದು ತಪ್ಪು.

ಹಾಗಾಗಿ ಈ ಲಕ್ಷಣಗಳಿದ್ದರೆ ಬಿಪಿ ನೋಡಲೇಬೇಕು:

– ಫಿಟ್ಸ್, ಅದರಲ್ಲೂ ಜ್ವರ ಇಲ್ಲದೆ ಮೊದಲ ಸಲ ಬಂದದ್ದು
– ಜೋರು ತಲೆನೋವಿನ ಜೊತೆ ವಾಂತಿ
– ದೃಷ್ಟಿ ಮಂಜಾಗುವುದು, ಎರಡೆರಡು ಕಾಣುವುದು, ಕಾಣದೇ ಹೋಗುವುದು
– ಮಂಕಾಗಿ ಮಲಗುವುದು, ಮಾತು ತಪ್ಪುವುದು, ಎಂದಿನಂತಿಲ್ಲದ ವರ್ತನೆ
– ಮುಖದ ಒಂದು ಭಾಗ ಸೊಟ್ಟಗಾಗುವುದು
– ಏದುಸಿರು, ಮಲಗಿದರೆ ಹೆಚ್ಚಾಗುವ ಉಸಿರಾಟದ ತೊಂದರೆ
– ಮುಖ, ಕಾಲು ಊದಿಕೊಂಡು ಮೂತ್ರ ಕಡಿಮೆಯಾಗಿರುವುದು ಅಥವಾ ಬಣ್ಣ ಬದಲಾಗಿರುವುದು

ಹಸುಗೂಸುಗಳು ತಲೆನೋವು ಅಂತ ಹೇಳಲ್ಲ. ಹಾಲು ಕುಡಿಯದಿರುವುದು, ನಿಲ್ಲದ ಅಳು, ವೇಗದ ಉಸಿರು, ತೂಕ ಏರದಿರುವುದು ಇಷ್ಟೇ ಅವುಗಳ ಭಾಷೆ. ಇವು ಬೇರೆ ನೂರು ಕಾಯಿಲೆಗಳಲ್ಲೂ ಇರುತ್ತವೆ, ನಿಜ. ಅದಕ್ಕೇ ಅಳೆದು ನೋಡಬೇಕು ಅನ್ನೋದು.

ಅಳತೆಪಟ್ಟಿಯೇ ತಪ್ಪಿದ್ದರೆ?

ಸರ್ವೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ಒಂದು ಮಾತು ಹೇಳ್ತಿದ್ದರು. ಓದಿಗಿಂತ ಮೊದಲು ಉಪಕರಣ ನೋಡು. ಬಿಪಿಯ ವಿಷಯದಲ್ಲಿ ಆ ಉಪಕರಣ ತೋಳಿಗೆ ಸುತ್ತುವ ಕಫ್. ಇಟಲಿಯ ರೀವಾ ರೋಚ್ಚಿ 1896ರಲ್ಲಿ ಈಗಿನ ಬಿಪಿ ಯಂತ್ರದ ಪೂರ್ವಜನನ್ನು ರೂಪಿಸಿದಾಗ ಅದರ ಪಟ್ಟಿ ತೀರಾ ಕಿರಿದಾಗಿತ್ತು, ಅದರಿಂದ ಬಿಪಿ ಇದ್ದದ್ದಕ್ಕಿಂತ ಹೆಚ್ಚು ಬರುತ್ತಿತ್ತು. 1901ರಲ್ಲಿ ಜರ್ಮನಿಯ ರೆಕ್ಲಿಂಗ್‌ಹೌಸನ್ ಅದನ್ನು ತೋರಿಸಿಕೊಟ್ಟು ಅಗಲದ ಪಟ್ಟಿ ಬಳಕೆಗೆ ತಂದರು. ಶತಮಾನ ದಾಟಿದರೂ ಪಾಠ ಅದೇ. ಕಫ್ ಚಿಕ್ಕದಾದರೆ ಬಿಪಿ ಸುಳ್ಳೇ ಹೆಚ್ಚು ಬರುತ್ತದೆ. ದೊಡ್ಡದಾದರೆ ಸುಳ್ಳೇ ಕಡಿಮೆ ಬರುತ್ತದೆ. ದೊಡ್ಡವರ ಕಫ್ಫನ್ನು ಮಗುವಿನ ತೋಳಿಗೆ ಎರಡು ಸುತ್ತು ಸುತ್ತಿ "ನಾರ್ಮಲ್" ಅಂದುಬಿಟ್ಟರೆ ಅಳೆಯದೇ ಇದ್ದದ್ದಕ್ಕಿಂತ ಕಷ್ಟ. ಅನುಮಾನವೇ ಸತ್ತುಹೋಗುತ್ತದೆ.

ನಿಯಮ ಸರಳ. ಕಫ್ ಒಳಗಿನ ಗಾಳಿಚೀಲದ ಅಗಲ, ಮಗುವಿನ ಮೇಲ್ತೋಳಿನ ಸುತ್ತಳತೆಯ ಕನಿಷ್ಠ ಶೇ. 40 ಇರಬೇಕು. ಉದ್ದ ಸುತ್ತಳತೆಯ ಶೇ. 80ರಿಂದ 100 ಆವರಿಸಬೇಕು. ಸುತ್ತಳತೆ 18 ಸೆಂಟಿಮೀಟರ್ ಇದ್ದರೆ ಚೀಲದ ಅಗಲ ಏಳು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಬೇಕು. ಬಲಗೈಯಲ್ಲಿ ನೋಡಬೇಕು, ಕೋಷ್ಟಕಗಳು ಬಲಗೈ ಅಳತೆಯವು. ಮೇಲಾಗಿ ಮಹಾಧಮನಿ ಕಿರಿದಾಗಿದ್ದರೆ ಎಡಗೈ ಮೋಸ ಮಾಡಬಹುದು. ಮಗು ಮೂರರಿಂದ ಐದು ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನಿಗೆ ಆಸರೆ ಇರಬೇಕು, ಕೈ ಎದೆಯ ಮಟ್ಟದಲ್ಲಿರಬೇಕು. ಯಂತ್ರದಲ್ಲಿ ಹೆಚ್ಚು ಬಂದರೆ ಸ್ಟೆತಸ್ಕೋಪಿನಿಂದ ಖಚಿತ ಮಾಡಿಕೊಳ್ಳಬೇಕು. ಫಿಟ್ಸ್ ಬಂದ ಮಗುವಿನಲ್ಲಿ ಇಷ್ಟೆಲ್ಲ ಶಿಸ್ತು ಆಗಲ್ಲ, ಆದರೂ ಕಫ್ ಅಳತೆಯಲ್ಲಿ ರಾಜಿ ಬೇಡ.

"ಅಳ್ತಾ ಇದೆ, ಅದಕ್ಕೇ ಬಿಪಿ ಜಾಸ್ತಿ" ಅನ್ನುವ ಮಾತು ಅರ್ಧ ನಿಜ. ಅಳು, ನೋವು, ಭಯ ಬಿಪಿ ಏರಿಸುತ್ತವೆ. ಫಿಟ್ಸ್ ಕೂಡ ಸ್ವಲ್ಪ ಹೊತ್ತು ಏರಿಸುತ್ತದೆ. ಅದಕ್ಕೆ ಪರಿಹಾರ ಸಮಾಧಾನ ಮಾಡಿ ಮತ್ತೆ ಅಳೆಯುವುದು, ಮರೆತುಬಿಡುವುದಲ್ಲ.

ಕೆರೆ ಏರಿಯ ಪಾಠ

ಈಗ ನನ್ನ ತಪ್ಪಿಗೆ ಬರ್ತೀನಿ. ಐಸಿಯುಗೆ ಸೇರಿಸಿ ಐದಾರು ಗಂಟೆಯಾಗಿತ್ತು. ಫಿಟ್ಸ್ ನಿಂತಿತ್ತು. ಮಾನಿಟರ್ ಮೇಲೆ 158 ಅಂತ ತೋರಿಸುತ್ತಿತ್ತು. ನಾನು ವೈದ್ಯೆಯ ಮುಂದೆ ನಿಂತು ದನಿ ಏರಿಸಿದೆ. "ಆರು ಗಂಟೆಯಲ್ಲಿ ಬರೀ ಹತ್ತು ಇಳಿದಿದೆ ಮೇಡಂ. ಏನ್ ಟ್ರೀಟ್‌ಮೆಂಟ್ ಇದು? ಅಪ್ಪನಿಗೆ ಒಂದು ಮಾತ್ರೆಯಲ್ಲಿ ಇಳಿಯುತ್ತೆ."

ಅವರು ಕೇಳಿದರು, "ನೀವು ಏನು ಓದಿದೀರಿ?" ಸಿವಿಲ್ ಎಂದೆ. "ಸರಿ, ತುಂಬಿದ ಕೆರೆಯನ್ನು ಒಂದೇ ರಾತ್ರಿಯಲ್ಲಿ ಖಾಲಿ ಮಾಡಿದರೆ ಏರಿಗೆ ಏನಾಗುತ್ತೆ?"

ನನ್ನ ಬಾಯಿ ಕಟ್ಟಿತು. ಅದು ನಮ್ಮ ಪಠ್ಯದಲ್ಲೇ ಇತ್ತು. ಮಣ್ಣಿನ ಏರಿ ವರ್ಷಗಟ್ಟಲೆ ನೀರು ಕುಡಿದಿರುತ್ತದೆ. ಎದುರಿನ ನೀರು ಏರಿಯನ್ನು ಒತ್ತಿ ಹಿಡಿದಿರುತ್ತದೆ. ತೂಬು ತೆಗೆದು ಸರ್ರನೆ ಖಾಲಿ ಮಾಡಿದರೆ ಆಸರೆ ಹೋಗುತ್ತದೆ, ಮಣ್ಣಿನೊಳಗಿನ ನೀರು ಅಲ್ಲೇ ಉಳಿದಿರುತ್ತದೆ, ಏರಿ ಒಳಮುಖವಾಗಿ ಜಾರಿ ಕುಸಿಯುತ್ತದೆ. ತುಂಬಿದಾಗ ನಿಂತ ಏರಿ ಖಾಲಿ ಮಾಡುವ ಅವಸರಕ್ಕೆ ಬೀಳುತ್ತದೆ.

ಮೆದುಳಿನ ಕತೆಯೂ ಹತ್ತಿರ ಹತ್ತಿರ ಹೀಗೆಯೇ. ಬಿಪಿ ಬಹಳ ದಿನದಿಂದ ಹೆಚ್ಚಿದ್ದರೆ ನಾಳಗಳು ಆ ಒತ್ತಡಕ್ಕೆ ಒಗ್ಗಿ ಬಿಗಿಯಾಗಿರುತ್ತವೆ. ಒತ್ತಡವನ್ನು ಒಮ್ಮೆಲೇ ಇಳಿಸಿದರೆ ಅವು ಅಷ್ಟು ಬೇಗ ಸಡಿಲಾಗಲ್ಲ. ಮೆದುಳಿಗೆ, ಕಣ್ಣಿನ ನರಕ್ಕೆ, ಕಿಡ್ನಿಗೆ ರಕ್ತ ಸಾಲದೇ ಹೋಗುತ್ತದೆ. ಬಿಪಿ ಗಬಕ್ಕನೆ ಇಳಿದು ಶಾಶ್ವತವಾಗಿ ಕಣ್ಣು ಕಳೆದುಕೊಂಡ ಮಕ್ಕಳ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ 1970ರ ದಶಕದಿಂದಲೂ ಇವೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ವೈದ್ಯರು ತಮ್ಮಲ್ಲಿ ಚಿಕಿತ್ಸೆ ಪಡೆದ ಮಕ್ಕಳ ದಾಖಲೆ ತೆಗೆದು 1992ರಲ್ಲಿ ಪ್ರಕಟಿಸಿದರು. ಒಂದೇ ಏಟಿಗೆ ಇಂಜೆಕ್ಷನ್ ಕೊಟ್ಟು ಇಳಿಸಿದ ಮಕ್ಕಳಿಗಿಂತ, ಡ್ರಿಪ್‌ನಲ್ಲಿ ನಿಧಾನವಾಗಿ ಇಳಿಸಿದ ಮಕ್ಕಳಿಗೆ ತೊಂದರೆಗಳು ಬಹಳ ಕಡಿಮೆ.

ಹಾಗಾಗಿ ಲೆಕ್ಕ ಹೀಗಿದೆ. ಒಟ್ಟು ಇಳಿಸಬೇಕಾದದ್ದು ಎಷ್ಟೋ ಅದರ ಕಾಲು ಭಾಗಕ್ಕಿಂತ ಹೆಚ್ಚನ್ನು ಮೊದಲ ಎಂಟು ಗಂಟೆಯಲ್ಲಿ ಇಳಿಸಬಾರದು. ಉಳಿದದ್ದನ್ನು ಮುಂದಿನ ಒಂದೆರಡು ದಿನಗಳಲ್ಲಿ. ನಮ್ಮ ಹುಡುಗ 168ರಲ್ಲಿದ್ದ, ಸದ್ಯದ ಗುರಿ ಸುಮಾರು 115. ಇಳಿಸಬೇಕಾದದ್ದು 53, ಅದರ ಕಾಲು ಭಾಗ 13. ಅಂದರೆ ಎಂಟು ಗಂಟೆ ಕಳೆದಾಗ 155 ಇದ್ದರೆ ಸರಿ. ನಾನು ಕೂಗಾಡಿದ ಹೊತ್ತಿಗೆ ಚಿಕಿತ್ಸೆ ಸರಿಯಾಗಿ ಲೆಕ್ಕದ ಪ್ರಕಾರವೇ ನಡೆದಿತ್ತು. ನನಗೆ ಸೋಲು ಅನ್ನಿಸಿದ 158 ಅವರ ಎಚ್ಚರಿಕೆಯಾಗಿತ್ತು.

"ಇವನಿಗೆ ಬಿಪಿ ಏರಿ ಕೆಲವೇ ದಿನ ಆಗಿರಬಹುದು, ಆದರೆ ಅದು ಖಚಿತವಾಗಿ ಗೊತ್ತಿಲ್ಲದಾಗ ನಿಧಾನವೇ ಸೇಫ್" ಎಂದರು ಅವರು.

ಇದಕ್ಕೆ ಬಳಸುವುದು ಪಂಪ್ ಮೂಲಕ ಹನಿಹನಿಯಾಗಿ ಹೋಗುವ ಔಷಧಿಗಳು. ಲ್ಯಾಬೆಟಲಾಲ್, ನೈಕಾರ್ಡಿಪಿನ್, ಸೋಡಿಯಂ ನೈಟ್ರೋಪ್ರುಸೈಡ್ ಮುಂತಾದವು. ಪ್ರತಿಯೊಂದಕ್ಕೂ ಅದರದ್ದೇ ಎಚ್ಚರಿಕೆಗಳಿವೆ. ಲ್ಯಾಬೆಟಲಾಲ್ ಆಸ್ತಮಾ ಇರುವ ಮಕ್ಕಳಿಗೆ ಆಗಲ್ಲ. ನೈಟ್ರೋಪ್ರುಸೈಡನ್ನು ಬೆಳಕು ಬೀಳದಂತೆ ಮುಚ್ಚಿಡಬೇಕು, ಬಹಳ ಹೊತ್ತು ಕೊಟ್ಟರೆ ಅದು ವಿಷವಾಗಬಹುದು. ಎರಡು ಕಡೆ ಐವಿ ಹಾಕಿಡುತ್ತಾರೆ. ಬಿಪಿ ಅಂದುಕೊಂಡದ್ದಕ್ಕಿಂತ ವೇಗವಾಗಿ ಇಳಿದರೆ ತಕ್ಷಣ ಔಷಧಿ ನಿಲ್ಲಿಸಿ ಇನ್ನೊಂದು ಕಡೆಯಿಂದ ಸಲೈನ್ ಕೊಟ್ಟು ಮೇಲೆತ್ತಲು. ಆರಂಭದಲ್ಲಿ ಕೆಲವೇ ನಿಮಿಷಗಳಿಗೊಮ್ಮೆ ಬಿಪಿ ನೋಡುತ್ತಿರಬೇಕು. ದೇಹದಲ್ಲಿ ನೀರು ತುಂಬಿಕೊಂಡ ನಮ್ಮ ಹುಡುಗನಂಥವರಿಗೆ ಮೂತ್ರ ಹೆಚ್ಚಿಸುವ ಫ್ಯುರೋಸೆಮೈಡ್ ಬೇಕು, ಉಪ್ಪು ನೀರಿಗೆ ಕಡಿವಾಣ ಬೇಕು.

ಇನ್ನೊಂದು ಎಚ್ಚರಿಕೆ. ತಲೆಗೆ ಪೆಟ್ಟು ಬಿದ್ದು ಅಥವಾ ಗಡ್ಡೆಯಿಂದ ಮೆದುಳಿನೊಳಗೆ ಒತ್ತಡ ಏರಿದ್ದರೆ, ಮೆದುಳಿಗೆ ರಕ್ತ ತಲುಪಿಸಲು ದೇಹವೇ ಬಿಪಿ ಏರಿಸುತ್ತದೆ. ಆಗ ಬಿಪಿ ಹೆಚ್ಚು, ನಾಡಿ ನಿಧಾನ. ಅಂಥ ಮಗುವಿನ ಬಿಪಿ ಇಳಿಸಲು ಹೊರಟರೆ ಅನಾಹುತ. ಹಾಗಾಗಿ ಇದು "ಒಂದು ಬಿಪಿ ಇಂಜೆಕ್ಷನ್ ಹಾಕಿ" ಎನ್ನುವಷ್ಟು ಸರಳ ಅಲ್ಲ.

ಮನೆಯಲ್ಲಿ ಅಜ್ಜನ ಬಿಪಿ ಮಾತ್ರೆ ಇದೆಯಲ್ಲ ಅಂತ ಕಾಲು ಮುರಿದು ಕೊಡಲೇಬೇಡಿ. ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಕೆಳಗೆ ಹಾಕುವ ಪದ್ಧತಿ ಒಂದು ಕಾಲದಲ್ಲಿ ದೊಡ್ಡವರಲ್ಲಿ ಬಹಳ ಬಳಕೆಯಲ್ಲಿತ್ತು. ಎಷ್ಟು ಇಳಿಯುತ್ತದೆ ಅಂತ ಹೇಳಲಾಗದ ಆ ಪದ್ಧತಿಯನ್ನು ನಿಲ್ಲಿಸಿ ಎಂದು 1996ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ತಜ್ಞರು ಬರೆದರು. ದೊಡ್ಡವರಿಗೇ ಬೇಡವಾದದ್ದು ಮಕ್ಕಳಿಗೆ ಯಾಕೆ?

ಮನೆಯವರು ಏನು ಮಾಡಬೇಕು?

ಫಿಟ್ಸ್ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ. ಬಟ್ಟೆ ಸಡಿಲಿಸಿ. ಬಾಯಿಗೆ ನೀರು, ಚಮಚ, ಬಟ್ಟೆ ಏನೂ ಬೇಡ. ಕೈಗೆ ಕಬ್ಬಿಣದ ಬೀಗದಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದರಿಂದ ಹೊತ್ತು ಹಾಳು. ಗಡಿಯಾರ ನೋಡಿಕೊಳ್ಳಿ, 108ಕ್ಕೆ ಕರೆ ಮಾಡಿ. ಐದು ನಿಮಿಷ ದಾಟಿದರೆ ಅದು ಇನ್ನೂ ದೊಡ್ಡ ತುರ್ತು.

ಆಸ್ಪತ್ರೆಯಲ್ಲಿ ಮೂರು ವಿಷಯ ಹೇಳಿ. ಕಳೆದ ಒಂದೂವರೆ ತಿಂಗಳಲ್ಲಿ ಕಜ್ಜಿ, ಗಂಟಲುನೋವು ಆಗಿತ್ತಾ? ಮೂತ್ರದ ಬಣ್ಣ, ಮುಖದ ಊತ ಹೇಗಿತ್ತು? ಈಗ ಯಾವ ಔಷಧಿ ನಡೆಯುತ್ತಿದೆ, ಯಾವುದನ್ನು ನಿಲ್ಲಿಸಿದ್ದೀರಿ? ಆಮೇಲೆ ಒಂದು ಪ್ರಶ್ನೆ ಕೇಳಿ. "ಡಾಕ್ಟ್ರೇ, ಬಿಪಿ ನೋಡಿದ್ರಾ? ಮಕ್ಕಳ ಕಫ್‌ನಲ್ಲಿ?" ಕೇಳುವುದು ಅಧಿಕಪ್ರಸಂಗ ಅಲ್ಲ.

ಇನ್ನು ಆರೋಗ್ಯವಾಗಿರುವ ಮಗುವಿಗೆ? ಮೂರು ವರ್ಷದ ನಂತರ ವರ್ಷಕ್ಕೊಮ್ಮೆ ಬಿಪಿ ನೋಡಿಸಿ ಅನ್ನುತ್ತದೆ ಅದೇ 2017ರ ಮಾರ್ಗಸೂಚಿ. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದರೆ, ಅವಧಿಗೆ ಮುನ್ನ ಹುಟ್ಟಿದ್ದರೆ ಅದಕ್ಕೂ ಮೊದಲೇ.

ಸರ್ಕಾರದ ಪಟ್ಟಿಯಲ್ಲಿ ಯಾಕಿಲ್ಲ?

ಬಿಪಿ, ಶುಗರ್ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮದ ಕಣ್ಣಿರುವುದು 30 ದಾಟಿದವರ ಮೇಲೆ. ಮಕ್ಕಳಿಗೆಂದು 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ತಂಡಗಳು ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಹೋಗಿ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತವೆ. ಒಳ್ಳೆಯ ಕಾರ್ಯಕ್ರಮ. ಆದರೆ ಅದು ಶುರುವಾದಾಗ ಮಾಡಿದ 30 ತೊಂದರೆಗಳ ಪಟ್ಟಿಯಲ್ಲಿ ಚರ್ಮದ ಕಾಯಿಲೆ ಇದೆ, ಹುಟ್ಟಿನ ಹೃದಯ ದೋಷ ಇದೆ, ಫಿಟ್ಸ್ ಇದೆ. ಅಧಿಕ ರಕ್ತದೊತ್ತಡ ಎಂಬ ಹೆಸರು ಇಲ್ಲ. ಈ ಮೂರರ ನಡುವೆ ಕೊಂಡಿಯಾಗಬಲ್ಲ ಅಳತೆಯೇ ಪಟ್ಟಿಯಿಂದ ಹೊರಗುಳಿದಿದೆ.

ಇದಕ್ಕೆ ದೊಡ್ಡ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಿಡಿದು ಪ್ರತಿ ಖಾಸಗಿ ನರ್ಸಿಂಗ್ ಹೋಮ್‌ವರೆಗೆ ಮೂರ್ನಾಲ್ಕು ಅಳತೆಯ ಮಕ್ಕಳ ಕಫ್, ಗೋಡೆಗೆ ಅಂಟಿಸಿದ ಒಂದು ವಯಸ್ಸುವಾರು ಪಟ್ಟಿ, ಫಿಟ್ಸ್ ಬಂದ ಪ್ರತಿ ಮಗುವಿನ ಕೇಸ್ ಶೀಟಿನಲ್ಲಿ ಸಕ್ಕರೆಯ ಪಕ್ಕ ಬಿಪಿಗೊಂದು ಖಾನೆ. ಹಾಸ್ಟೆಲುಗಳಲ್ಲಿ ಒಬ್ಬರಿಂದ ಒಬ್ಬರಿಗೆ ಹಬ್ಬುವ ಕಜ್ಜಿಯನ್ನು "ಮಕ್ಕಳಲ್ವಾ, ಇದ್ದದ್ದೇ" ಎಂದು ಬಿಡದೆ ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆ ಕೊಡುವುದು. ತಾಲೂಕು ಆಸ್ಪತ್ರೆಯಿಂದ ಮಕ್ಕಳ ಐಸಿಯು ಇರುವ ಕಡೆಗೆ ಕಳಿಸುವಾಗ ಬಿಪಿ ಎಷ್ಟಿತ್ತು, ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟೆವು ಅಂತ ಚೀಟಿಯಲ್ಲಿ ಬರೆದು ಕಳಿಸುವುದು. ಇಷ್ಟೇ.

ನಮ್ಮ ಹುಡುಗನಿಗೆ ಎರಡನೇ ದಿನ ಕಣ್ಣು ಕಾಣಿಸಿತು. ಐದನೇ ದಿನ ವಾರ್ಡಿಗೆ ಬಂದ, ಉಪ್ಪಿಲ್ಲದ ಊಟಕ್ಕೆ ಮುಖ ಸಿಂಡರಿಸಿದ. ಕೆಲವು ವಾರಗಳಲ್ಲಿ ಮಾತ್ರೆ ನಿಂತಿತು. ಈಗಲೂ ಅಕ್ಕ ವರ್ಷಕ್ಕೊಮ್ಮೆ ಬಿಪಿ, ಮೂತ್ರ ಪರೀಕ್ಷೆ ಮಾಡಿಸುತ್ತಾಳೆ. ಕಳೆದ ಸಲ ಕ್ಲಿನಿಕ್ಕಿನಲ್ಲಿ ದೊಡ್ಡವರ ಕಫ್ ಸುತ್ತಲು ಹೊರಟಾಗ ಅವನೇ ಕೈ ಹಿಂದಕ್ಕೆಳೆದುಕೊಂಡು ಹೇಳಿದನಂತೆ, "ಅಂಕಲ್, ಇದು ನನ್ ಸೈಜ್ ಅಲ್ಲ."